ಗಿಟಾರಿಗೆ ಬಿದಿರು ಸಾಕು

ಅಕೂಸ್ಟಿಕ್ ಗಿಟಾರಿನ ಮೇಲ್ಹಲಗೆಯ ಒಳಮೈಗೆ ಮರದ ಬ್ರೇಸ್‌ಗಳನ್ನ ಅಂಟಿಸಿ, ಗೋಂದು ಒಣಗೋವರೆಗೂ ಒತ್ತಿ ಹಿಡೀಬೇಕು. ಮಾಮೂಲಿ ಕ್ಲ್ಯಾಂಪು ನಡುಭಾಗಕ್ಕೆ ಎಟುಕಲ್ಲ. ಅದಕ್ಕೇ ಮೇಲೊಂದು, ಕೆಳಗೊಂದು ಪ್ಲೈವುಡ್ ಇಟ್ಟು, ನಡುವೆ ರಾಡುಗಳನ್ನ ಬಾಗಿಸಿ ಸಿಕ್ಕಿಸ್ತಾರೆ, ಇದೇ ಗೋ-ಬಾರ್.

ಇದಕ್ಕೆ ಫೈಬರ್‌ಗ್ಲಾಸ್ ರಾಡೇ ಬೇಕು ಅನ್ನೋದನ್ನ ನಾವು ಒಪ್ಪಲ್ಲ. ಬಿದಿರಿನ ಸೀಳು ಸಾಕು. ನಾವು ಪರೀಕ್ಷೆಗೆ ಬಾಯಿಪಾಠ ಮಾಡೋ ಆಯ್ಲರ್ ಬಕ್ಲಿಂಗ್ ಸೂತ್ರಾನೇ ಇಲ್ಲಿ ಕೆಲಸ ಮಾಡೋದು: ಒಮ್ಮೆ ಬಾಗಿದ ಮೇಲೆ ಒತ್ತುವ ಬಲ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಉದ್ದ ಅರ್ಧ ಮಾಡಿದ್ರೆ ಬಲ 4 ಪಟ್ಟು, ದಪ್ಪ ಎರಡರಷ್ಟಾದ್ರೆ 8 ಪಟ್ಟು. ಫೈಬರ್‌ಗ್ಲಾಸ್ ಎಲ್ಲಾ ಒಂದೇ ಸಮ ಇರುತ್ತೆ, ನಿಜ. ಬಿದಿರನ್ನ ಕೆತ್ತಿ, ತೂಕದ ಮಷೀನಿನ ಮೇಲೆ ಬಾಗಿಸಿ ಅಳೆದು ಆರಿಸ್ಬೇಕು. ಆ ಕೆಲಸಾನೇ ಅಲ್ವಾ ಎಂಜಿನಿಯರಿಂಗ್? ದುಡ್ಡಿಲ್ಲ ಅಂತ ಗಿಟಾರ್ ಕನಸು ಬಿಡೋದು ಬೇಡ.