ಬೇಡ ಅನ್ನುವವರ ಲೆಕ್ಕ

ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ನಮ್ಮ ಬರವಣಿಗೆಯನ್ನು ಒಂದು ಸಾಫ್ಟ್‌ವೇರ್ ಜಾಲಾಡುತ್ತದೆ. ಬೇರೆಯವರ ವಾಕ್ಯಗಳನ್ನು ಎಷ್ಟು ಎತ್ತಿಕೊಂಡಿದ್ದೇವೆ ಎಂದು ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇ 10ರೊಳಗೆ ಇರಬೇಕು. ಅದನ್ನು ದಾಟಿದರೆ ತಿದ್ದಿ ತರಬೇಕು, ತೀರಾ ಹೆಚ್ಚಾದರೆ ನೋಂದಣಿಯೇ ರದ್ದು. ನಾನು ಓದುತ್ತಿರುವುದು ದಾನಶಾಸನಗಳನ್ನು. ಸಾವಿರ ವರ್ಷದಿಂದ ಒಂದೇ ಶಾಪಾಶಯವನ್ನು ಕೆತ್ತಿಕೊಂಡು ಬಂದ ಕಲ್ಲುಗಳನ್ನು ಉದ್ಧರಿಸಿ ಬರೆದರೆ ಸಾಫ್ಟ್‌ವೇರಿಗೆ ಏನು ಅನ್ನಿಸುತ್ತದೋ ಎಂಬ ಭಯ ನನಗೆ ಇದ್ದೇ ಇದೆ. ಆದರೂ ನಿಯಮ ಸರಿಯಾದದ್ದೇ.

ಇಂಥ ನಿಯಮ ಇಲ್ಲದ ಕಡೆ ಏನಾಗುತ್ತದೆ ನೋಡಿ. 2024ರ ಕೊನೆಯಲ್ಲಿ ಬೆಂಗಳೂರಿನ ಸುರಂಗ ರಸ್ತೆಯ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಜನರ ಕೈಗೆ ಸಿಕ್ಕಿತು. ಅದರ ಸಂಚಾರ ದಟ್ಟಣೆಯ ಭಾಗದಲ್ಲಿ ಮಾಲೆಗಾಂವ್ ಮತ್ತು ನಾಸಿಕ್ ಊರುಗಳ ಹೆಸರಿದ್ದವು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಹೋಗುವ ದಾರಿಯಲ್ಲಿ ನಾಸಿಕ್ ಸಿಗುವುದಿಲ್ಲ, ಎಷ್ಟೇ ಟ್ರಾಫಿಕ್ ಇದ್ದರೂ. ಕೋಟಿಗಟ್ಟಲೆ ಕೊಟ್ಟು ಬರೆಸಿದ ವರದಿ ಇದು. ಎಂ.ಎ. ವಿದ್ಯಾರ್ಥಿ ತನ್ನ ಕಿರುಪ್ರಬಂಧದಲ್ಲಿ ಹೀಗೆ ಮಾಡಿದ್ದರೆ ಮೌಖಿಕ ಪರೀಕ್ಷೆಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಸುರಂಗ ಮಾತ್ರ ಮುಂದಕ್ಕೆ ಹೋಯಿತು. 2025ರಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು: 16.75 ಕಿಲೋಮೀಟರ್, 17,780 ಕೋಟಿ ರೂಪಾಯಿ.

ಆ ವರದಿಯಲ್ಲಿ ನಾಸಿಕ್ ಕಂಡುಹಿಡಿದವರು ಅದನ್ನು ಸುಮ್ಮನೆ ಕುಳಿತು ಓದಿದ ನಾಗರಿಕರು. ನಮ್ಮಲ್ಲಿ ಇಂಥವರಿಗೆ ಒಂದು ಸಿದ್ಧ ಹೆಸರಿದೆ: ಅಭಿವೃದ್ಧಿ ವಿರೋಧಿಗಳು. ಎಲ್ಲದಕ್ಕೂ ಬೇಡ ಅನ್ನುವವರು. ಆ ಬೇಡ ಎಂಬ ಮಾತಿನ ಪರವಾಗಿ ಈ ಬರಹ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು. ಖರ್ಚು 1,791 ಕೋಟಿ. ಬಿಡಿಎ ಲೆಕ್ಕದಲ್ಲೇ 812 ಮರಗಳು ಹೋಗಬೇಕಿತ್ತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ದಾರಿಯಲ್ಲಿ ಕೈ ಕೈ ಹಿಡಿದು ನಿಂತರು. ನಾನಾಗ ದೂರದ ಊರಿನಲ್ಲಿ ಪದವಿ ಓದುತ್ತಿದ್ದೆ. ಹಾಸ್ಟೆಲಿನ ಟಿವಿಯ ಮುಂದೆ ಕುಳಿತು ನಾವೆಲ್ಲ ನಕ್ಕೆವು. ‘ನಮ್ಮೂರಿಗೆ ಬಸ್ಸೇ ಇಲ್ಲ, ಇವರಿಗೆ ಫ್ಲೈಓವರ್ ಬೇಡವಂತೆ ನೋಡ್ರೋ’ ಎಂದವನು ನಾನೇ. ತಂಪು ಕನ್ನಡಕ, ಇಂಗ್ಲಿಷ್ ಫಲಕ, ಜೊತೆಗೆ ನಾಯಿಮರಿ. ನಮ್ಮ ಕಣ್ಣಿಗೆ ಬಿದ್ದದ್ದು ಅಷ್ಟೇ. ಆ ಫಲಕಗಳಲ್ಲಿದ್ದ ಘೋಷಣೆಯನ್ನು ಸರಿಯಾಗಿ ಓದಿರಲಿಲ್ಲ. ‘ಸ್ಟೀಲ್ ಫ್ಲೈಓವರ್ ಬೇಡ’. ಮೂರು ಪದಗಳಲ್ಲಿ ಎರಡು ಇಂಗ್ಲಿಷ್. ಆದರೆ ಕೆಲಸ ಮಾಡಿದ್ದು ಕನ್ನಡದ್ದು.

ನಮ್ಮೂರಿಗೆ ಬಸ್ಸಿಲ್ಲದಿದ್ದರೆ ಆ 1,791 ಕೋಟಿಯ ಲೆಕ್ಕವನ್ನು ಮೊದಲು ಕೇಳಬೇಕಾದವರು ನಾವೇ ಆಗಿದ್ದೆವು. ಕಿಲೋಮೀಟರಿಗೆ 267 ಕೋಟಿ. ಅದು ಬರೀ ಬೆಂಗಳೂರಿನವರ ದುಡ್ಡಲ್ಲ. ನಮ್ಮ ಪರವಾಗಿಯೂ ಕೇಳುತ್ತಿದ್ದವರನ್ನು ನೋಡಿ ನಾವು ನಕ್ಕಿದ್ದೆವು.

ಸರ್ಕಾರ ಜನರ ಅಭಿಪ್ರಾಯ ಕೇಳಿರಲಿಲ್ಲವೇ? ಕೇಳಿತ್ತು. ಅಂತರ್ಜಾಲದಲ್ಲಿ ಅಭಿಪ್ರಾಯ ಆಹ್ವಾನಿಸಿ, ಬಂದ ಮುನ್ನೂರರಷ್ಟು ಉತ್ತರಗಳಲ್ಲಿ ಹೆಚ್ಚಿನವು ಪರವಾಗಿವೆ ಎಂದು ಹೇಳಿಕೊಂಡಿತು. ಕೋಟಿ ಜನರ ಊರು, ಮುನ್ನೂರು ಉತ್ತರ. ಮದುವೆ ಮನೆಯಲ್ಲಿ ಊಟ ಹೇಗಿದೆ ಎಂದು ಅಡುಗೆ ಭಟ್ಟರ ತಮ್ಮನನ್ನು ಕೇಳಿದ ಹಾಗೆ. ಅದೇ ಅಕ್ಟೋಬರ್ ಕೊನೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. ಆಮೇಲೆ ಕಿಕ್‌ಬ್ಯಾಕ್ ಆರೋಪ ಎದ್ದಿತು, ಸರ್ಕಾರ ಅದನ್ನು ಅಲ್ಲಗಳೆಯಿತು. 2017ರ ಮಾರ್ಚ್ 2ರಂದು ಯೋಜನೆಯನ್ನೇ ಕೈಬಿಟ್ಟಿತು.

ಇಲ್ಲಿ ಹೆಚ್ಚಿನವರು ಮರೆತ ಇನ್ನೊಂದು ಸಂಗತಿ ಇದೆ. ಬೇಡ ಎಂದ ಅದೇ ಜನ ಎರಡು ತಿಂಗಳೊಳಗೆ, 2016ರ ಡಿಸೆಂಬರ್‌ನಲ್ಲಿ, ‘ಚುಕುಬುಕು ಬೇಕು’ ಎಂದು ಮತ್ತೆ ಬೀದಿಗಿಳಿದರು. ಅವರು ಕೇಳಿದ್ದು ಉಪನಗರ ರೈಲು. ಬಸ್ಸಿಗೆ ಜೋತುಬೀಳುವ ಗಾರ್ಮೆಂಟ್ಸ್ ಹುಡುಗಿಗೂ, ವೈಟ್‌ಫೀಲ್ಡಿನ ಐಟಿ ಹುಡುಗನಿಗೂ ಒಂದೇ ರೈಲು. ಆದ್ದರಿಂದ ಎಲ್ಲದಕ್ಕೂ ಬೇಡ ಅನ್ನುವವರು ಎಂಬುದು ಸುಳ್ಳು. ಬೇಕು ಎಂದಾಗ ನಮಗೆ ಕೇಳಿಸಲಿಲ್ಲ, ಅಷ್ಟೇ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉಪನಗರ ರೈಲು ಯೋಜನೆ 148 ಕಿಲೋಮೀಟರ್; 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದಾಗ ಅಂದಾಜು ವೆಚ್ಚ 15,767 ಕೋಟಿ. ಕಿಲೋಮೀಟರಿಗೆ ನೂರಾ ಆರು ಕೋಟಿ ಚಿಲ್ಲರೆ. ಸುರಂಗ ರಸ್ತೆ ಕಿಲೋಮೀಟರಿಗೆ ಸಾವಿರ ಕೋಟಿಗೂ ಮಿಕ್ಕಿ. ಹತ್ತು ಪಟ್ಟು. ರೈಲಿನ ಶಂಕುಸ್ಥಾಪನೆ 2022ರ ಜೂನ್‌ನಲ್ಲಿ ಆಯಿತು, ನಲವತ್ತು ತಿಂಗಳಲ್ಲಿ ಮುಗಿಯುತ್ತದೆ ಎಂದರು. ನಲವತ್ತು ತಿಂಗಳು ಮುಗಿದವು, ರೈಲು ಬರಲಿಲ್ಲ. ಅಂದಾಜುಗಳು ಬೆಳೆಯುತ್ತವೆ, ರೈಲಿನದೂ ಬೆಳೆದೀತು, ಒಪ್ಪುತ್ತೇನೆ. ಸುರಂಗದ್ದು ಬೆಳೆಯುವುದಿಲ್ಲ ಎಂದು ಯಾರಾದರೂ ಬರೆದುಕೊಡುತ್ತಾರೆಯೇ?

ಇನ್ನು ಆ ಸುರಂಗದಲ್ಲಿ ಹೋಗುವವರು ಯಾರು? ವರದಿಯ ಪ್ರಕಾರ ಬೈಕಿಗೆ, ಆಟೋಗೆ ಪ್ರವೇಶವಿಲ್ಲ. ಈ ಊರಿನ ರಸ್ತೆಯಲ್ಲಿ ಹೆಚ್ಚು ಕಾಣುವುದೇ ದ್ವಿಚಕ್ರ ವಾಹನ. ಅಂದರೆ ಇದು ಟೋಲ್ ಕೊಡಬಲ್ಲ ಕಾರುಗಳ ದಾರಿ. ಕಾರು ಸಾಮಾಜಿಕ ಅಗತ್ಯವಾಗಿದೆ, ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಹಿಂಜರಿಯುತ್ತಾರೆ ಎಂಬ ಅರ್ಥದ ಮಾತನ್ನು 2025ರ ಅಕ್ಟೋಬರ್‌ನಲ್ಲಿ ಉಪಮುಖ್ಯಮಂತ್ರಿಗಳೇ ಆಡಿದರು. ಮೂವತ್ತರ ಹತ್ತಿರ ಬಂದಿರುವ, ಫೆಲೋಶಿಪ್ ದುಡ್ಡಿಗೆ ಕಾಯುವ ಸಂಶೋಧನಾ ವಿದ್ಯಾರ್ಥಿಯಾಗಿ ಅವರ ಕಾಳಜಿಗೆ ನಾನು ಋಣಿ. ಆದರೆ ನನ್ನ ಮದುವೆ ನಿಂತಿರುವುದು ಕಾರಿಲ್ಲದ್ದಕ್ಕಲ್ಲ, ಕೆಲಸವಿಲ್ಲದ್ದಕ್ಕೆ ಎಂದು ಅಮ್ಮ ದಿನಾ ಹೇಳುತ್ತಾಳೆ.

ಸುರಂಗದ ಪರ ಇರುವವರ ದೊಡ್ಡ ವಾದ, ಇದು ಖಾಸಗಿ ಹಣ, ಕಟ್ಟಿದವರು ಟೋಲ್ ಎತ್ತಿಕೊಂಡು ಹೋಗುತ್ತಾರೆ, ನಿಮಗೇನು ಎಂಬುದು. ಟೋಲ್ ಕೊಡುವವರೂ ಜನರೇ. ಟೋಲಿನಿಂದ ಗಿಟ್ಟದಿದ್ದರೆ ಕೊರತೆ ತುಂಬಿಕೊಡಬೇಕಾದ್ದು ಸರ್ಕಾರ. ಜಾಗ ಕೊಡಬೇಕಾದ್ದೂ ಸರ್ಕಾರವೇ. ಲಾಲ್‌ಬಾಗಿನ ಆರು ಎಕರೆಯ ಮಾತು ಬಂದದ್ದು ಹಾಗೆ. ಅಲ್ಲಿರುವ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಜನ ಎದ್ದು ನಿಂತ ಮೇಲೆ ಲಾಲ್‌ಬಾಗನ್ನು ಮುಟ್ಟುವುದಿಲ್ಲ ಎಂಬ ಸಮಾಧಾನದ ಮಾತು ಬಂತು. ಎದ್ದು ನಿಲ್ಲದಿದ್ದರೆ?

ಇದೇ ಊರಿನಲ್ಲಿ 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಎರಡೂ ಸಲ ಕೊಟ್ಟ ಕಾರಣ ಒಂದೇ, ಖರ್ಚು ಹೆಚ್ಚಾಗಿದೆ. ನಷ್ಟ ಎಂಬ ಪದ ನಮ್ಮಲ್ಲಿ ಬಸ್ಸಿಗೆ ಮಾತ್ರ ಅಂಟಿಕೊಂಡಿದೆ. ಫ್ಲೈಓವರು ನಷ್ಟದಲ್ಲಿ ನಡೆಯುತ್ತಿದೆ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇದನ್ನೆಲ್ಲ ದುಂದು ಎಂದು ಕರೆದು ಸುಮ್ಮನಾಗಬಹುದು. ಆದರೆ ದುಂದು ತಾನಾಗಿ ಹುಟ್ಟುವುದಿಲ್ಲ. ಬೇಡ ಅನ್ನುವ ಅಧಿಕಾರ ಇರುವವರನ್ನು ಮೊದಲು ಹೊರಗೆ ಹಾಕಿ ಬಾಗಿಲು ಹಾಕಿಕೊಂಡರೆ ಮಾತ್ರ ಅದು ಸಾಧ್ಯ. ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಅವಧಿ ಮುಗಿದಾಗ ಇದ್ದದ್ದು ಬಿಜೆಪಿ ಸರ್ಕಾರ, ಆಮೇಲೆ ಬಂದದ್ದು ಕಾಂಗ್ರೆಸ್. ಒಬ್ಬರ ಕಾಲದಲ್ಲಿ ಸುರಂಗ ವಿರೋಧಿಸುವವರು ಇನ್ನೊಬ್ಬರ ಕಾಲದಲ್ಲಿ ಚುನಾವಣೆ ಮುಂದೂಡಿದವರು. ಜೆಡಿಎಸ್–ಕಾಂಗ್ರೆಸ್ ಕೂಡಿ ಆಳುವಾಗ ಎಲಿವೇಟೆಡ್ ಕಾರಿಡಾರ್ ಎಂದು ಹೊರಟಿದ್ದರು. 2019ರ ಮಾರ್ಚ್‌ನಲ್ಲಿ ಜನ ‘ಟೆಂಡರ್ ರದ್ದು ಮಾಡಿ’ ಎಂದು ಮತ್ತೆ ಬೀದಿಗೆ ಬರಬೇಕಾಯಿತು. ಈ ವಿಷಯದಲ್ಲಿ ಪಕ್ಷಭೇದವಿಲ್ಲ.

ಸಂವಿಧಾನದ 74ನೇ ತಿದ್ದುಪಡಿ ಮಹಾನಗರಗಳಿಗೆ ಒಂದು ಯೋಜನಾ ಸಮಿತಿ ಇರಬೇಕು ಎನ್ನುತ್ತದೆ. ಅದರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಜನರನ್ನು ಪಾಲಿಕೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯಿತಿಗಳ ಅಧ್ಯಕ್ಷರು ತಮ್ಮೊಳಗಿಂದ ಆರಿಸಬೇಕು. ಉಕ್ಕಿನ ಸೇತುವೆಯ ವಿರುದ್ಧ ನ್ಯಾಯಾಲಯಕ್ಕೆ ಹೋದವರ ವಾದದಲ್ಲಿ ಇದೂ ಇತ್ತು: ಆ ಸಮಿತಿಯನ್ನು ಕೇಳಿದಿರಾ? ಈಗ ಕೇಳೋಣವೆಂದರೆ ಆರಿಸಬೇಕಾದ ಸದಸ್ಯರೇ ಇಲ್ಲ. ಕಾರ್ಪೊರೇಟರ್ ಇದ್ದಿದ್ದರೆ ಎಲ್ಲ ಸರಿಯಾಗಿರುತ್ತಿತ್ತು ಎಂಬ ಭ್ರಮೆ ನನಗಿಲ್ಲ. ನಮ್ಮ ಬೀದಿಯ ಹಳೆಯ ಕಾರ್ಪೊರೇಟರನ್ನು ನೋಡಿದವರಿಗೆ ಆ ಭ್ರಮೆ ಬರುವುದೂ ಇಲ್ಲ. ಆದರೆ ಅವನ ಮನೆ ಗೊತ್ತಿತ್ತು. ಬೆಳಗ್ಗೆ ಹೋಗಿ ಗೇಟು ತಟ್ಟಬಹುದಿತ್ತು. ಸಲಹಾ ಸಂಸ್ಥೆಯ ಗೇಟು ಎಲ್ಲಿದೆ?

ಇಲ್ಲಿ ನನ್ನ ಕಲ್ಲುಗಳ ವಿಷಯ ಸ್ವಲ್ಪ ಹೇಳಬೇಕು. ಒಂದು ಕೆರೆಗೋ ಗುಡಿಗೋ ದತ್ತಿ ಬಿಟ್ಟ ಶಾಸನದಲ್ಲಿ ಕೊಟ್ಟವರು ಯಾರು, ಎಷ್ಟು ಗದ್ಯಾಣ, ಎಷ್ಟು ಮತ್ತರು ಭೂಮಿ, ಮೂಡಣಕ್ಕೆ ಯಾವ ಹಳ್ಳ, ತೆಂಕಣಕ್ಕೆ ಯಾವ ಮರ, ಸಾಕ್ಷಿ ಯಾರು ಎಂದೆಲ್ಲ ಇರುತ್ತದೆ. ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ. ಅದನ್ನು ಆ ಕೆರೆಯ ಏರಿಯ ಮೇಲೋ ಗುಡಿಯ ಮುಂದೋ, ಆ ಊರಿನ ಮಾತಿನಲ್ಲೇ ನೆಟ್ಟಿರುತ್ತಾರೆ. ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಆ ಕೆರೆ ಅಗೆದವರ ಹೆಸರು ಆ ಕಲ್ಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅದನ್ನು ಓದಬಲ್ಲವರೂ ಕೆಲವರೇ ಇದ್ದರು. ಆದರೂ ಲೆಕ್ಕವನ್ನು ಬಯಲಿನಲ್ಲಿ ನಿಲ್ಲಿಸಬೇಕು ಎಂಬುದು ಅರಸನಿಗೂ ಗೊತ್ತಿತ್ತು. ನನ್ನ ಕೈಗೆ ಸಿಕ್ಕ ಸುರಂಗದ ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ಸುರಂಗ ಶುರುವಾಗಬೇಕಾದ ಹೆಬ್ಬಾಳದಲ್ಲೇ 2018ರಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ಕಿತ್ತಯ್ಯ ಎಂಬವನು ಹೋರಾಡಿ ಸತ್ತ ಸುದ್ದಿ ಅದರಲ್ಲಿದೆ. ಅಗೆಯುವವರು ಏನು ಸಿಗುತ್ತದೆಂದು ಗೊತ್ತಿಲ್ಲದೆ ಅಗೆಯುತ್ತಾರೆ, ಅದು ಚರಂಡಿಯ ಆಳಕ್ಕೆ ಮಾತ್ರ.

ನನ್ನ ಕೋಪ ಸರ್ಕಾರದ ಮೇಲಷ್ಟೇ ಅಲ್ಲ, ನಮ್ಮ ಸಾಹಿತ್ಯದ ವಲಯದ ಮೇಲೂ ಇದೆ. ರಂಗಕರ್ಮಿ ಪ್ರಕಾಶ್ ಬೆಳವಾಡಿಯವರಂಥ ಕೆಲವರು 2016ರಲ್ಲಿ ಮುಂದೆ ನಿಂತಿದ್ದರು, ನಿಜ. ಉಳಿದ ನಾವು ಪ್ರಭುತ್ವ ಎಂಬ ಪದವನ್ನು ವಿಚಾರ ಸಂಕಿರಣಗಳಲ್ಲಿ ಸಾವಿರ ಸಲ ಬಳಸುತ್ತೇವೆ. ಪ್ರಭುತ್ವ ಒಂದು ಟೆಂಡರ್ ಆಗಿ ಎದುರು ಬಂದಾಗ ಅದು ಎಂಜಿನಿಯರುಗಳ ವಿಷಯ, ಮಧ್ಯಮ ವರ್ಗದ ವಿಷಯ ಎಂದು ಪಕ್ಕಕ್ಕೆ ಸರಿಯುತ್ತೇವೆ. ವರದಿಯೂ ಒಂದು ಪಠ್ಯವೇ. ಅದರಲ್ಲೂ ನಿರೂಪಕನಿದ್ದಾನೆ, ಪಾತ್ರಗಳಿವೆ, ಬಿಟ್ಟುಹೋದ ಪಾತ್ರಗಳೂ ಇವೆ. ಬೈಕಿನವನು, ಆಟೋದವನು, ನಡೆದು ಹೋಗುವವಳು. ಕಾದಂಬರಿಯಲ್ಲಿ ಮೌನವನ್ನು ಓದಲು ಕಲಿತವರು ಇಲ್ಲಿ ಓದಲಾರದಿದ್ದರೆ ಏನು ಕಲಿತ ಹಾಗಾಯಿತು?

ಕಳೆದ ತಿಂಗಳು ನಾನು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ, ವಿಷಯ ಒಂದೇ ಇರಬೇಕು. ನನ್ನದು ಮೂರು ಪ್ರಶ್ನೆ: ಈ ಸುರಂಗಕ್ಕೆ ಸರ್ಕಾರ ತನ್ನ ಕೈಯಿಂದ ಹಾಕುವ ಹಣ ಮತ್ತು ಜಾಗ ಎಷ್ಟು, ಅಷ್ಟೇ ದುಡ್ಡಿಗೆ ಬಸ್ಸು, ರೈಲು ಎಷ್ಟು ಜನರನ್ನು ಸಾಗಿಸುತ್ತವೆ ಎಂದು ಯಾರಾದರೂ ಲೆಕ್ಕ ಹಾಕಿದ್ದಾರೆಯೇ, ನಾಸಿಕ್ ಇದ್ದ ಪುಟಗಳನ್ನು ತಿದ್ದಿದ ಪ್ರತಿ ಎಲ್ಲಿದೆ. ಹಾಗಾಗಿ ಅರ್ಜಿಯೂ ಮೂರು, ಶುಲ್ಕ ತಲಾ ಹತ್ತು ರೂಪಾಯಿ. ಮೊದಲನೆಯದು ಬರೆದು ಎಣಿಸಿದಾಗ 171 ಪದ ಇತ್ತು. ವಿಶೇಷಣಗಳನ್ನೆಲ್ಲ ತೆಗೆದು 148ಕ್ಕೆ ತಂದೆ. ಮೂರನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಮೂವತ್ತು ದಿನ ತುಂಬಲು ಇನ್ನು ಹನ್ನೊಂದು ದಿನ ಬಾಕಿ ಇದೆ.