ಓದದೆ ಹಾಕಿದ ಸಹಿ

ಪುಸ್ತಕಗಳನ್ನು ಸುಡುವವರು ಯಾರೆಂದು ಕೇಳಿದರೆ ನಾವು ಥಟ್ಟನೆ ಸರಕಾರದತ್ತ ಬೆರಳು ಮಾಡುತ್ತೇವೆ. ಅಮೆರಿಕದ ರೇ ಬ್ರಾಡ್‌ಬರಿಯು 1953ರಲ್ಲಿ ಬರೆದ ‘ಫ್ಯಾರನ್‌ಹೀಟ್ 451’ ಎಂಬ ಕಾದಂಬರಿಯನ್ನು ಓದುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಅದರಲ್ಲಿನ ನಾಡಿನಲ್ಲಿ ಅಗ್ನಿಶಾಮಕ ದಳದವರ ಕೆಲಸ ಬೆಂಕಿ ಆರಿಸುವುದಲ್ಲ, ಗ್ರಂಥಗಳಿಗೆ ಬೆಂಕಿಯಿಡುವುದು. ಆದರೆ ಆ ದಳದ ನಾಯಕನೇ ವಿವರಿಸುವಂತೆ, ಇದು ಮೇಲಿನಿಂದ ಇಳಿದು ಬಂದದ್ದಲ್ಲ. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಬೇಡವಾಯಿತು. ಬೆಂಕಿ ಆಮೇಲೆ ಬಂತು.

ಇದನ್ನು ಪರದೇಶದ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯು 1995ರಲ್ಲಿ ಪ್ರಕಟವಾಗಿ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನೂ ಪಡೆಯಿತು. ವಿರೋಧದ ಕೂಗೆದ್ದಿತು. 1997ರಲ್ಲಿ ಸರಕಾರ ಅದನ್ನು ಮುಟ್ಟುಗೋಲು ಹಾಕಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಅದಕ್ಕೂ ಮೊದಲು, 1989ರಲ್ಲಿ, ಧಾರವಾಡದ ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದಲ್ಲಿನ ಕೆಲವು ಮಾತುಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಂಡಿದ್ದರು, ತಮ್ಮ ಪಾಲಿಗೆ ಅದು ಆತ್ಮಹತ್ಯೆಯೇ ಎಂದು ನೊಂದುಕೊಂಡಿದ್ದರು. 2015ರ ಆಗಸ್ಟ್ 30ರಂದು ಆ ವಿದ್ವಾಂಸರನ್ನು ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು.

ಪರರನ್ನು ದೂರುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷಗಳ ಹಿಂದೆ ನಮ್ಮ ಗೋಡೆಪತ್ರಿಕೆಯಲ್ಲಿ ಮುಂಡರಗಿ ಕಡೆಯ ಮಿತ್ರನೊಬ್ಬ ತನ್ನ ಊರಿನ ಜಾತ್ರೆಯನ್ನು ಕುರಿತು ಕಥೆ ಬರೆದಿದ್ದ. ಅದನ್ನು ತೆಗೆಯಿಸಬೇಕೆಂಬ ಅರ್ಜಿಯೊಂದು ಬೆಂಚಿನಿಂದ ಬೆಂಚಿಗೆ ಬಂತು. ಲಕ್ಷ್ಮೇಶ್ವರದವರು ಸಹಿ ಮಾಡಿದ್ದರು, ಶಿರಹಟ್ಟಿಯವರು ಮಾಡಿದ್ದರು, ನಾನೂ ಮಾಡಿದೆ. ಕಥೆಯನ್ನು ಮಾತ್ರ ಓದಿರಲಿಲ್ಲ! ಮರುದಿನ ಅವನೇ ಬಂದು, ಯಾರೊಡನೆಯೂ ಮಾತಾಡದೆ, ಹಾಳೆ ಬಿಚ್ಚಿಕೊಂಡು ಹೋದ. ಅಂದಿನಿಂದ ಅವನು ಒಂದು ಸಾಲನ್ನೂ ಬರೆದಿಲ್ಲ. ಯಾವ ಸರಕಾರವೂ ಅವನಿಗೆ ಬರೆಯಬೇಡವೆಂದಿರಲಿಲ್ಲ.

ಬೆಟಗೇರಿಯ ಮಗ್ಗದ ಮನೆಯಲ್ಲಿ ಬಾಳಿದ ನನ್ನ ತಾಯಿ ಇಂದಿಗೂ ಹೆಬ್ಬೆಟ್ಟು ಒತ್ತುವವಳು. ಆದರೆ ಒತ್ತುವ ಮುನ್ನ, “ಏನ್ ಬರದೈತಿ, ಓದಿ ಹೇಳಪಾ” ಎಂದು ಕೇಳದೆ ಬಿಡುವುದಿಲ್ಲ. ಮನೆತನದಲ್ಲಿ ಮೊದಲ ಪದವೀಧರನಾಗಲಿರುವ ನಾನು ಅಷ್ಟನ್ನೂ ಕೇಳಲಿಲ್ಲ. ಹಾಗಾದರೆ ನಮ್ಮಿಬ್ಬರಲ್ಲಿ ಅಕ್ಷರಸ್ಥರು ಯಾರು?

ಮನಸ್ಸಿಗೆ ನೋವಾದವರು ಸುಮ್ಮನಿರಬೇಕೇ ಎಂದು ಕೆಲವರು ಕೇಳಬಹುದು. ಖಂಡಿತ ಬೇಡ. ಓದಲಿ, ಖಂಡಿಸಲಿ, ಇನ್ನೊಂದು ಕಥೆ ಬರೆದು ಉತ್ತರ ಕೊಡಲಿ. ಆದರೆ ಓದದವನಿಗೆ ಅಳಿಸುವ ಅಧಿಕಾರ ಎಲ್ಲಿಯದು? ಎಪ್ಪತ್ತು ವರ್ಷಗಳಾಚೆಯೂ ಆ ಕಾದಂಬರಿ ಹಳತಾಗದಿರುವುದಕ್ಕೆ ಕಾರಣ ಇದೇ: ಅದು ಆಳುವವರನ್ನು ಕುರಿತು ಎಷ್ಟು ಹೇಳುತ್ತದೋ ನಮ್ಮನ್ನು ಕುರಿತು ಅದಕ್ಕಿಂತ ಹೆಚ್ಚು ಹೇಳುತ್ತದೆ.

ಈ ಸಂಚಿಕೆ ಆ ಮಿತ್ರನ ಕೈಸೇರುತ್ತದೆಂದು ಬಲ್ಲೆ. ಗೆಳೆಯಾ, ಆ ಹಾಳೆ ಇನ್ನೂ ನಿನ್ನಲ್ಲಿದ್ದರೆ ನನಗೊಮ್ಮೆ ಓದಲು ಕೊಡು.

— ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ