ಗುಟ್ಟಲ್ಲ, ಗೇಯ್ಮೆ

ದಕ್ಷಿಣ ಸ್ಪೇನಿನ ಗಿಟಾರು ಮಾಡುವವರ ನೆನಪುಗಳನ್ನು ಬರೆಯುವವರಿಗೆ ಒಂದು ಚಟವುಂಟು. ಕುಶಲಕರ್ಮಿ ಕಣ್ಣು ಮುಚ್ಚಿದೊಡನೆ, "ಅವನ ಗುಟ್ಟು ಅವನೊಂದಿಗೇ ಮಣ್ಣಾಯಿತು" ಎಂದು ನಿಟ್ಟುಸಿರು ಬಿಡುವುದು. ಈ ಮಾತು ಕೇಳಲು ಸೊಗಸು. ಆದರೆ ಅದು ನಿಜವಲ್ಲ. ನಿಜವಲ್ಲದಿರುವುದಷ್ಟೇ ಅಲ್ಲ, ದುಡಿದು ಸತ್ತವನಿಗೆ ಮಾಡುವ ಅವಮಾನವೂ ಹೌದು ಎಂಬುದು ನನ್ನ ವಾದ.

ಈ ಚಟಕ್ಕೆ ಮೊದಲು ಬಲಿಯಾದವನು ಆಂತೋನಿಯೊ ದೆ ತೋರ್ರೆಸ್. 1817ರಲ್ಲಿ ಆಲ್ಮೆರಿಯಾದ ಬಳಿ ಹುಟ್ಟಿ, ಮರಗೆಲಸ ಕಲಿತು, ಸೆವಿಲ್ ಪಟ್ಟಣದಲ್ಲಿ ಗಿಟಾರು ಮಾಡಿ ಹೆಸರಾಗಿ, 1892ರಲ್ಲಿ ಆಲ್ಮೆರಿಯಾದಲ್ಲಿ ತೀರಿಕೊಂಡ ಮನುಷ್ಯ. ಇಂದಿನ ಫ್ಲಮೆಂಕೊ ಗಿಟಾರು, ಶಾಸ್ತ್ರೀಯ ಗಿಟಾರು ಎರಡಕ್ಕೂ ಅವನ ವಾದ್ಯವೇ ಮಾತೃಕೆ. ಅವನ ಕಡೆಗಾಲದ ಗೆಳೆಯ, ಪಾದ್ರಿ ಹುವಾನ್ ಮಾರ್ತಿನೆಸ್ ಸಿರ್ವೆಂತ್, 1931ರಲ್ಲಿ ಬರೆದ ಒಂದು ಪತ್ರದಲ್ಲಿ ಅವನನ್ನು ನೆನೆದಿದ್ದಾರೆ. ಗುಟ್ಟೇನೆಂದು ಕೇಳಿದವರಿಗೆ ತೋರ್ರೆಸ್ ಕೊಟ್ಟ ಉತ್ತರ ಅದರಲ್ಲಿದೆ: ತನ್ನ ಗುಟ್ಟೆಲ್ಲ ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿದೆ, ಮೇಲ್ಹಲಗೆ ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಅವೇ ಬುದ್ಧಿಗೆ ತಿಳಿಸುತ್ತವೆ, ಹಾಗಾಗಿ ಅದು ತನ್ನೊಡನೆ ಗೋರಿಗೆ ಹೋಗತಕ್ಕದ್ದೇ.

ನೆನಪು ಹೇಳುವವರು ಮಾಡಿದ್ದೇನು? ಗೋರಿಯನ್ನು ಹಿಡಿದುಕೊಂಡರು, ಬೆರಳನ್ನು ಬಿಟ್ಟರು! ಆ ಮುದುಕ ಹೇಳಿದ್ದು ಮಂತ್ರವಲ್ಲ. ಹಲಗೆಯನ್ನು ಕೀಸುಳಿಯಿಂದ ಹೆರೆದು, ಬಾಗಿಸಿ ನೋಡಿ, ಮತ್ತೆ ಹೆರೆದು, ಇನ್ನು ಸಾಕೆಂದು ಕೈ ಹೇಳುವ ತನಕ ಕಾಯುವುದು. ಒಂದು ಹಲಗೆಯಂತೆ ಇನ್ನೊಂದಿಲ್ಲ. ಆದ್ದರಿಂದ ಅಳತೆಗೋಲು ಅರ್ಧ ದಾರಿಗೆ ನಿಲ್ಲುತ್ತದೆ, ಮುಂದಿನ ದಾರಿ ಕೈಯದು. ಇದನ್ನು ಗುಟ್ಟೆನ್ನುವುದಾದರೆ ರೊಟ್ಟಿ ತಟ್ಟುವುದೂ ಗುಟ್ಟೇ.

ಮರದಲ್ಲೇ ಮಹಿಮೆಯಿದೆ ಎನ್ನುವವರಿಗೆ ತೋರ್ರೆಸ್ 1862ರಲ್ಲೇ ಉತ್ತರ ಕೊಟ್ಟಿದ್ದಾನೆ. ಬೆನ್ನು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಮರದಿಂದ ಮಾಡಿ, ಒಂದು ಗಿಟಾರು ಕಟ್ಟಿದ. ನಾದದ ಮುಖ್ಯ ಹೊಣೆ ಮೇಲ್ಹಲಗೆಯದು, ಅದರಡಿಯಲ್ಲಿ ಬೀಸಣಿಗೆಯ ಕಡ್ಡಿಗಳಂತೆ ಹರಡಿ ಅಂಟಿಸಿದ ಪಟ್ಟಿಗಳದು ಎಂದು ತೋರಿಸುವ ವಾದ್ಯ ಅದು. ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಬಚ್ಚಿಡಬೇಕೆಂದಿದ್ದವನು ಹೀಗೆ ಸಾಕ್ಷ್ಯ ಮಾಡಿಡುತ್ತಾನೆಯೆ?

ಫ್ಲಮೆಂಕೊ ಗಿಟಾರಿನ ಸೈಪ್ರೆಸ್ ಮರಕ್ಕೂ ಹೀಗೆಯೇ ಪುರಾಣ ಕಟ್ಟಿದ್ದಾರೆ: ಸ್ಮಶಾನದ ಮರ, ಶೋಕದ ಮರ, ಅದಕ್ಕೇ ಆ ಹಾಡಿನಲ್ಲಿ ಅಳು ಎಂದು. ಸಂಗತಿ ಅಷ್ಟು ಕಾವ್ಯಮಯವಲ್ಲ. ಸೈಪ್ರೆಸ್ ಅಲ್ಲಿಯೇ ಬೆಳೆಯುವ ಮರ. ಹಡಗಿನಲ್ಲಿ ಬರುವ ಬ್ರೆಜಿಲಿನ ಬೀಟೆಗಿಂತ ಅಗ್ಗ. ಹಗುರವಾದ್ದರಿಂದ ಸದ್ದು ಥಟ್ಟನೆ ಹೊಮ್ಮಿ ಬೇಗ ಅಡಗುತ್ತದೆ; ಕುಣಿಯುವವರ ಕಾಲಿನ ಸದ್ದಿನ ನಡುವೆ ಕೇಳಿಸಬೇಕಾದ ವಾದ್ಯಕ್ಕೆ ಅದೇ ತಕ್ಕದ್ದು. ಬಡವರ ಮರದಿಂದ ಬಡವರ ಹಾಡಿಗೆ ಒಪ್ಪುವ ದನಿ ತೆಗೆದದ್ದು ಬುದ್ಧಿವಂತಿಕೆ, ಪವಾಡವಲ್ಲ. ಈಗ ಅನೇಕರು ಕಪ್ಪು ಮೈಯ ಫ್ಲಮೆಂಕೊ ಗಿಟಾರುಗಳನ್ನು ನಮ್ಮ ದಕ್ಷಿಣ ಭಾರತದ ಕಾಡುಗಳ ಬೀಟೆಯಿಂದಲೇ ಮಾಡುತ್ತಾರೆ. ಅವೂ ಫ್ಲಮೆಂಕೊವನ್ನೇ ನುಡಿಯುತ್ತವೆ.

ಈ ಪುರಾಣದಿಂದ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ಗುಟ್ಟು ಎಂದ ಮೇಲೆ ಕೂಲಿಯ ಮಾತು ಏಳುವುದಿಲ್ಲ. ತಾರ್ರೆಗಾನಂಥ ವಾದಕನ ಕೈಗೆ ಸೇರಿದ ಗಿಟಾರನ್ನು 1864ರಲ್ಲಿ ಮಾಡಿದ ತೋರ್ರೆಸ್, ಕೆಲವೇ ವರ್ಷಗಳಲ್ಲಿ ಕಸುಬನ್ನೇ ಬಿಟ್ಟು ಆಲ್ಮೆರಿಯಾದಲ್ಲಿ ಪಿಂಗಾಣಿ ಸಾಮಾನಿನ ಅಂಗಡಿ ಇಟ್ಟ. 1875ರ ಸುಮಾರಿಗೆ ಉಳಿಯನ್ನು ಮತ್ತೆ ಹಿಡಿದಾಗಲೂ ಅಂಗಡಿಯ ಆಸರೆ ಬೇಕೇ ಆಗಿತ್ತು. ಕೈ ಕೆಸರಾದರೂ ಬಾಯಿಗೆ ಮೊಸರು ಬೀಳಲಿಲ್ಲ. ಅವನ ಗೋರಿಯ ಮೇಲೆ ಕಣ್ಣೀರು ಸುರಿಸುವ ನೆನಪುಗಳು ಆ ತಟ್ಟೆ ಬಟ್ಟಲುಗಳ ಅಂಗಡಿಯ ಮುಂದೆ ನಿಲ್ಲುವುದೇ ಇಲ್ಲ.

ಇನ್ನು, ವಿದ್ಯೆ ಮಣ್ಣಾಯಿತೆ? ಗ್ರನಾಡದ ಅಲ್‌ಹಂಬ್ರಾ ಅರಮನೆಗೆ ಏರುವ ಗೊಮೇರೆಸ್ ಬೀದಿಯಲ್ಲಿ ಎಡವಿದರೆ ಗಿಟಾರು ಕಾರ್ಖಾನೆ ಎಂಬಂತಾಯಿತು. ಅಲ್ಲಿನ ಆಂತೋನಿಯೊ ಮಾರಿನ್ ಮೊಂತೇರೊಗೆ 1970ರ ದಶಕದಲ್ಲಿ ಪ್ಯಾರಿಸಿನ ರಾಬೇರ್ ಬೂಶೆ ತಮ್ಮ ಪದ್ಧತಿಯನ್ನು ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು. ಪರದೇಶಗಳಿಂದ ಬಂದವರು ಗ್ರನಾಡದಲ್ಲಿ ಕಲಿತು ಅಲ್ಲಿಯೇ ನೆಲೆಸಿದರು. ಕೋರ್ದೊಬಾದ ಮಾನ್ಯುಯೆಲ್ ರೇಯೆಸ್ 2014ರಲ್ಲಿ ತೀರಿಕೊಂಡರು. ಅವರ ಮಗ ಅದೇ ಕಸುಬಿನವರು. ಹೊಸೆ ರೊಮನಿಲ್ಯೋಸ್ ತಾವೇ ಗಿಟಾರು ಮಾಡುವವರಾಗಿದ್ದು, ತೋರ್ರೆಸ್‌ನ ವಾದ್ಯಗಳನ್ನು ಒಂದೊಂದಾಗಿ ಅಳೆದು, 1987ರಲ್ಲಿ ಅವನ ಚರಿತ್ರೆಯನ್ನೇ ಪ್ರಕಟಿಸಿದರು. ಇಷ್ಟು ಬಾಗಿಲು ತೆರೆದಿರುವ ಮನೆಯನ್ನು ಬೀಗ ಹಾಕಿದ ಮನೆ ಎನ್ನುವುದು ಯಾವ ನ್ಯಾಯ?

ಪ್ರೀತಿಯಿಂದ ಹೇಳಿದ ಕಥೆಗೆ ಇಷ್ಟು ಸಿಟ್ಟೇಕೆ ಎನ್ನುವವರುಂಟು. ಪ್ರೀತಿಯಿದ್ದರೆ ಮಾಡಬೇಕಾದದ್ದು ಬೇರೆ. ಕೆಲಸ ಮಾಡುವವನು ಇರುವಾಗಲೇ ಅವನ ಬಳಿ ಕುಳಿತು, ಯಾವ ಸರೇಸು, ಎಷ್ಟು ದಿನದ ಒಣಗು, ಒಂದು ಗಿಟಾರಿಗೆ ಎಷ್ಟು ದಿನ, ಕೈಗೆ ಸಿಕ್ಕಿದ ದುಡ್ಡೆಷ್ಟು ಎಂದು ಕೇಳಿ ಬರೆದಿಡಬೇಕು. ಹೇಳಿದ ಬೆಲೆ ಕೊಡಬೇಕು. ಒಬ್ಬ ಹುಡುಗನಾದರೂ ಆ ಕಟ್ಟೆಯ ಬಳಿ ಕಲಿಯಲು ನಿಲ್ಲುವಂತೆ ಮಾಡಬೇಕು. ಇದನ್ನು ಮಾಡದವರು ಗೋರಿಯ ಬಳಿ ಬಂದು ಗುಟ್ಟಿನ ಮಾತಾಡದಿರುವುದೇ ಮರ್ಯಾದೆ.